ಕೌಟುಂಬಿಕ ಕಾರಣ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಹೂಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಿರುವ ಸನ್ಮಾನಿತರೇ, ಮತ್ತು ನನ್ನ ಭಾಷಣ ಮುಗಿದರೆ ಊಟ ಎಂಬ ಸತ್ಯವನ್ನು ಬಲ್ಲ ಸಭಿಕರೇ,

ಡಾಕ್ಟರೇಟ್ ಬಂದಿರುವುದು ನನ್ನ ಹೆಂಡತಿಗೆ, ಮಾತಾಡುವ ಕಷ್ಟ ನನಗೆ. ನಾನು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಖರೀದಿ ವಿಭಾಗ ನೋಡಿಕೊಂಡು ನಿವೃತ್ತನಾದವನು. ರೇಟು ಇಳಿಸಿ ಎಂದು ಹೇಳಿ ಅಭ್ಯಾಸವಿದೆಯೇ ಹೊರತು ಯಾರನ್ನೂ ಹೊಗಳಿ ಅಭ್ಯಾಸವಿಲ್ಲ.

ಅಧ್ಯಕ್ಷರು ಈಗತಾನೆ ಒಂದು ಮಾತು ಹೇಳಿದರು. ದೂರದ ಊರಿನ ದೊಡ್ಡ ಸಂಶೋಧನಾ ಕೇಂದ್ರವೊಂದು ಇವರನ್ನು ಎರಡು ವರ್ಷಕ್ಕೆ ಕರೆದಿದೆ, ಕೌಟುಂಬಿಕ ಕಾರಣಗಳಿಂದ ಇವರು ಹೋಗುತ್ತಿಲ್ಲ, ಅದು ನಮ್ಮ ಕಾಲೇಜಿನ ಪುಣ್ಯ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಕಾರಣಗಳು ಎಂದದ್ದು ಅಧ್ಯಕ್ಷರ ದೊಡ್ಡತನ. ಇರುವುದು ಒಂದೇ ಕಾರಣ. ಅದು ಈಗ ನಿಮ್ಮೆದುರು ಮೈಕು ಹಿಡಿದು ನಿಂತಿದೆ.

ಮೊದಲು ಇವರು ಕಲಿತ ವಿದ್ಯೆ ಏನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ಯಾವ ಸಂಸ್ಥೆಗೇ ಹೋಗಿ, ಯಾರ ಕೈಕೆಳಗೆ ಯಾರು ಎಂದು ತೋರಿಸುವ ಪಟ ಸಾಹೇಬರ ಗೋಡೆಯ ಮೇಲಿರುತ್ತದೆ. ಆದರೆ ಕೆಲಸ ಕೆಟ್ಟಾಗ ಯಾರು ಯಾರ ಹತ್ತಿರ ಓಡುತ್ತಾರೆ? ಸುದ್ದಿ ಯಾರಿಂದ ಯಾರಿಗೆ ಹೋಗುತ್ತದೆ? ಅದು ಯಾವ ಗೋಡೆಯ ಮೇಲೂ ಇರುವುದಿಲ್ಲ. ಅದನ್ನು ಒಬ್ಬೊಬ್ಬರನ್ನೇ ಕೇಳಿ, ಮನುಷ್ಯನಿಗೊಂದು ಚುಕ್ಕಿ, ಸಂಬಂಧಕ್ಕೊಂದು ಗೆರೆ ಹಾಕಿ ಲೆಕ್ಕ ಮಾಡುವುದೇ ಸಾಮಾಜಿಕ ಜಾಲ ವಿಶ್ಲೇಷಣೆ. ಐವತ್ತು ದಾಟಿದ ಮೇಲೆ ಇದನ್ನು ಕಲಿಯಲು ಇವರು ತಮ್ಮ ಶಿಷ್ಯರ ವಯಸ್ಸಿನವರ ಪಕ್ಕ ಬೆಂಚಿನಲ್ಲಿ ಕುಳಿತರು. ಶುರುವಿನಲ್ಲಿ ಕಂಪ್ಯೂಟರ್ ಇವರ ಮಾತು ಕೇಳಲಿಲ್ಲ. ಊಟದ ಮೇಜಿನ ಮೇಲೆ ಅಂಗಿಯ ಗುಂಡಿಗಳನ್ನು ಹರಡಿ, ನಡುವೆ ದಾರ ಎಳೆದು ಕಲಿತರು. ನನ್ನ ಒಳ್ಳೆಯ ಅಂಗಿಗಳು ಸಂಶೋಧನೆಗೆ ಬಲಿಯಾದವು. ಅವುಗಳಿಗೆ ಯಾರೂ ಸನ್ಮಾನ ಮಾಡಲಿಲ್ಲ.

ಇವರ ಮಾರ್ಗದರ್ಶಕರು, "ಮೇಡಂ, ಕಾರ್ಖಾನೆಗೆ ಹೋಗೋಕೆ ಮುಂಚೆ ನಿಮ್ಮ ಮನೇಲೇ ಒಂದ್ಸಲ ಅಭ್ಯಾಸ ಮಾಡಿ" ಅಂದರಂತೆ. ಊರಿಗೆ ಉಪಕಾರಿ ಆಗುವ ಮೊದಲು ಮನೆಗೆ ಮಾರಿ ಆಗಲೇಬೇಕಲ್ಲ! ಮನೆಯವರನ್ನೆಲ್ಲ ಬೇರೆ ಬೇರೆಯಾಗಿ ಕೇಳಿದರು: ಹೋದ ತಿಂಗಳು ಯಾರ ಯಾರ ಜೊತೆ ಮಾತಾಡಿದಿರಿ? ನಾನು ಧಾರಾಳವಾಗಿ ಉತ್ತರಿಸಿದೆ. ಮಗ, ಸೊಸೆ, ಮಗಳು, ನನ್ನ ತಂಗಿ. ಚಿತ್ರ ಬಂತು. ನಟ್ಟನಡುವೆ ಇವರು, ಸುತ್ತ ಎಲ್ಲರೂ. ನಾನು ಒಂದು ಮೂಲೆಯಲ್ಲಿ ಒಂದೇ ಗೆರೆಗೆ ಜೋತುಬಿದ್ದಿದ್ದೆ. ಆ ಗೆರೆಯ ಇನ್ನೊಂದು ತುದಿಯಲ್ಲೂ ಇವರೇ.

"ಇದು ತಪ್ಪು. ನನ್ನ ಗೆರೆಗಳೆಲ್ಲಿ?" ಎಂದೆ.

"ರೀ, ಎರಡೂ ಕಡೆಯವರು ಹೌದು ಅಂದ್ರೇನೇ ಗೆರೆ. ನೀವು ಅವರ ಹೆಸರು ಹೇಳಿದ್ರಿ. ಅವರ್ಯಾರೂ ನಿಮ್ಮ ಹೆಸರು ಹೇಳಿಲ್ಲ."

"ಭಾನುವಾರ ತಾನೇ ಮಗನ ಜೊತೆ ಮಾತಾಡಿದ್ನಲ್ಲ!"

"ಮಾತಾಡಿದ್ದು ನಾನು. ನೀವು ಪೇಪರ್ ಓದ್ತಾ, 'ನಾನೂ ಕೇಳಿದೆ ಅಂತ ಹೇಳು' ಅಂದ್ರಿ."

ಈ ಸಭಾಂಗಣದಲ್ಲಿರುವ ಗಂಡಸರೇ, ಎದೆ ಮುಟ್ಟಿಕೊಂಡು ಹೇಳಿ. ನಾನೂ ಕೇಳಿದೆ ಅಂತ ಹೇಳು ಎಂಬುದು ಮಾತಲ್ಲವೇ? ಇದು ನ್ಯಾಯವೇ? ನಗುತ್ತಿರುವವರೆಲ್ಲ ಹೆಂಗಸರೇ ಎಂಬುದು ನನ್ನ ಗಮನಕ್ಕೆ ಬಂದಿದೆ. ನಮ್ಮ ಅಪ್ಪನೂ ಹೀಗೆಯೇ ಇದ್ದರು. ಅವರಿಗೆ ಸಿಟ್ಟು ಬಂದಿದೆ ಎಂಬುದನ್ನೂ ಅಮ್ಮನೇ ಬಂದು ತಿಳಿಸುತ್ತಿದ್ದಳು. ಪರೀಕ್ಷೆಯಲ್ಲಿ ನಾನು ಪಾಸಾದಾಗ, "ನಿಮ್ಮಪ್ಪಂಗೆ ತುಂಬ ಖುಷಿಯಾಗಿದೆ ಕಣೋ" ಎಂದದ್ದೂ ಅವಳೇ. ಅವಳು ತೀರಿಕೊಂಡ ಮೇಲೆ ಅಪ್ಪ ಮತ್ತು ನಾನು ಬಹಳ ಕಾಲ ಒಂದೇ ಮನೆಯಲ್ಲಿದ್ದೆವು. ಅವರು ರೇಡಿಯೋ ಜೋರು ಮಾಡುತ್ತಿದ್ದರು, ನಾನು ಹೋಗಿ ಕಡಿಮೆ ಮಾಡುತ್ತಿದ್ದೆ. ನಮ್ಮ ಮಾತುಕತೆ ಅಷ್ಟೇ. ಕ್ಷಮಿಸಿ, ಇದು ವಿಷಯಾಂತರ.

ಆಮೇಲೆ ಇವರು ಕಾರ್ಖಾನೆಗಳನ್ನು ಸುತ್ತಿದರು, ಪ್ರಬಂಧ ಬರೆದರು, ಇವತ್ತು ನೀವು ಕರೆದು ಸನ್ಮಾನಿಸಿದಿರಿ. ಹೋದ ತಿಂಗಳು ಆ ಕೇಂದ್ರದಿಂದ ಕರೆ ಬಂದ ಸಂಜೆ ನೋಡಿದರೆ, ಇವರು ನಮ್ಮ ಮನೆಯ ಹಳೆಯ ಚಿತ್ರವನ್ನೇ ತೆರೆದು ಕುಳಿತಿದ್ದಾರೆ. ಈ ವಿದ್ಯೆಯಲ್ಲಿ ಒಂದು ಪರೀಕ್ಷೆಯಿದೆ. ಒಂದು ಚುಕ್ಕಿಯನ್ನು ತೆಗೆದುಹಾಕಿ, ಉಳಿದವುಗಳ ಗತಿ ಏನಾಗುತ್ತದೆಂದು ನೋಡುವುದು. ನಾನು ಕಾಫಿ ಹಿಡಿದು ಹಿಂದೆ ನಿಂತಿದ್ದೆ. ಅವಳು ತನ್ನ ಚುಕ್ಕಿಯನ್ನೇ ತೆಗೆದಳು. ಮಗ, ಸೊಸೆ, ಮಗಳು, ತಂಗಿ ಒಬ್ಬರಿಗೊಬ್ಬರು ಅಂಟಿಕೊಂಡೇ ಇದ್ದರು. ಒಂದು ಚುಕ್ಕಿ ಮಾತ್ರ ಪರದೆಯ ಅಂಚಿಗೆ ಹೋಗಿ ನಿಂತಿತು, ಗೆರೆಯೇ ಇಲ್ಲದೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಕಂಪ್ಯೂಟರ್ ಮುಚ್ಚಿ, "ನಾನು ಹೋಗಲ್ಲ ಬಿಡಿ, ಅಲ್ಲಿ ಚಳಿ ಜಾಸ್ತಿಯಂತೆ" ಎಂದಳು. "ಹೌದೌದು, ಚಳಿ" ಎಂದೆ. ಸುಳ್ಳೇಕೆ ಹೇಳಲಿ, ನನಗೆ ಸಂತೋಷವೇ ಆಯಿತು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಅವಳು ಕಾಲೇಜಿಗೆ ಹೋಗಿದ್ದಾಗ ಒಂದು ದಿನ ಮಗನಿಗೆ ನಾನೇ ಫೋನ್ ಮಾಡಿದೆ. ಅವನು ಶಾಲೆಯಲ್ಲಿ ಆಟದ ಮೇಷ್ಟ್ರು, ಮೈದಾನದಲ್ಲಿದ್ದ. ನನ್ನ ದನಿ ಕೇಳಿದ್ದೇ ತಡ, "ಅಪ್ಪಾ! ಅಮ್ಮಂಗೆ ಏನಾಯ್ತು?" ಅಂದ.

ಅಪ್ಪ ಫೋನ್ ಮಾಡಿದ ಎಂದರೆ ಅಮ್ಮನಿಗೆ ಏನೋ ಆಗಿಹೋಗಿದೆ ಎಂದೇ ಬೆಳೆದ ಮಗನಿಗೆ ಅರ್ಥವಾದರೆ, ಆ ಅಪ್ಪ ಏನು ಹೇಳಬೇಕು, ಸಭಿಕರೇ? "ಏನೂ ಇಲ್ಲ ಕಣೋ, ಸುಮ್ನೆ ಮಾಡಿದೆ" ಅಂದೆ. ಅವನು ನಂಬಲಿಲ್ಲ. ಅಮ್ಮನಿಗೇ ಫೋನ್ ಮಾಡಿ ಖಾತ್ರಿ ಮಾಡಿಕೊಂಡ. ಅವಳು ಸಂಜೆ ಬಂದವಳೇ ಜ್ವರವಿದೆಯೇನೋ ಎಂದು ನನ್ನ ಹಣೆ ಮುಟ್ಟಿ ನೋಡಿದಳು. ನಾನು ಬಿಡಲಿಲ್ಲ, ಮತ್ತೆ ಮತ್ತೆ ಮಾಡಿದೆ. ಬಿಸಿಲು ಹೇಗಿದೆ ಎಂದು ಕೇಳುವುದು, ಹಾಗೇ ಇದೆ ಎನ್ನುವುದು, ಆಮೇಲೆ ಫೋನ್ ಇಡುವುದು. ಹೋದ ವಾರ ಅವನೇ ಫೋನ್ ಮಾಡಿದ. ಮೊಣಕಾಲು ನೋವಂತೆ, ಡಾಕ್ಟರು ಓಡಬೇಡ ಅಂದಿದ್ದಾರಂತೆ. "ಅಮ್ಮಂಗೆ ಹೇಳ್ಬೇಡಿ ಅಪ್ಪಾ, ಗಾಬರಿ ಆಗ್ತಾಳೆ" ಅಂದ. ಇವತ್ತಿನವರೆಗೆ ನಾನು ಹೇಳಿರಲಿಲ್ಲ. ಈಗ ಹೇಳಿಬಿಟ್ಟೆ. ಹೋಗಲಿ.

ಅಧ್ಯಕ್ಷರ ಅಪ್ಪಣೆ ಪಡೆದು ಸನ್ಮಾನಿತರ ಕಡೆ ತಿರುಗುತ್ತೇನೆ. ಉತ್ತರ ಕಳಿಸಲು ನಾಳೆಯವರೆಗೆ ಸಮಯವಿದೆಯಲ್ಲ, ಹೋಗ್ತೀನಿ ಅಂತ ಬರಿ. ಒಬ್ಬನೇ ಇರಲು ನನಗೇನೂ ಹೆದರಿಕೆಯಿಲ್ಲ ಎಂದರೆ ನೀನು ನಂಬುವುದಿಲ್ಲ. ಹೆದರಿಕೆ ಇದೆ. ಆದರೂ ಹೋಗು. ಇದನ್ನು ಮನೆಯಲ್ಲೇ ಹೇಳಬಹುದಾಗಿತ್ತು. ಅಲ್ಲಿ ನೀನು ನನ್ನ ಮುಖ ನೋಡಿ, "ನಿಜವಾಗ್ಲೂ ಹೋಗ್ಲಾ?" ಎಂದು ಒಂದು ಸಲ ಕೇಳಿದ್ದರೆ, "ಬೇಡ, ಇದ್ದುಬಿಡು" ಎಂದುಬಿಡುತ್ತಿದ್ದೆ. ಇಲ್ಲಿ ಇಷ್ಟು ಜನ ಕೇಳಿಸಿಕೊಂಡಿದ್ದಾರೆ. ಇನ್ನು ನಾನು ಮಾತು ಬದಲಿಸುವ ಹಾಗಿಲ್ಲ.

ಸಾಕ್ಷಿಗಳಾಗಿ ಕುಳಿತ ನಿಮಗೆಲ್ಲ ಧನ್ಯವಾದಗಳು. ನಮಸ್ಕಾರ.