ಮೊದಲು ಬಂದೋನು

ಮೆಲ್ಲಗೆ ಹೇಳ್ತೀನಿ, ಮಕ್ಕಳು ಮಲಗವೆ. ಹೋದ ಕಾರ್ತೀಕದಾಗೆ ಬಾಗೂರಿನಾಚೆ ನಮ್ಮ ಹಟ್ಟೀಲೇ ಆದದ್ದು ಇದು. ನಮ್ಮ ಪಕ್ಕದ ಮನೆ ತಿಪ್ಪೇಶನಿಗೆ.

ಆ ರಾತ್ರಿ ಅವನ ಬೈಕು ಕೆಟ್ಟಿತ್ತು. ಹೊಸದುರ್ಗದಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡೋನು ಅವನು. ಕಡೇ ಬಸ್ಸಿಳಿದು ಒಬ್ಬನೇ ನಡೆದು ಬರ್ತಿದ್ದ. ಹಾಳುಬಾವಿ ಹತ್ರ ಬಂದಾಗ... ಕಿರ್ರ್... ಕಿರ್ರ್... ರಾಟೆ ತಿರುಗೋ ಸದ್ದು.

ನಿಂತ. ಆ ಬಾವಿಗೆ ರಾಟೆ ಇಲ್ಲ. ಹಗ್ಗ ಇಲ್ಲ. ನೀರೂ ಇಲ್ಲ.

"ಏಕಾಂತಿ ಮಗನೇನಪ್ಪ?"

ಬಾವಿಕಟ್ಟೆ ಮೇಲೆ ಮುದುಕಿ ಕುಂತಿದ್ದಳು. ಸೂಲಗಿತ್ತಿ ಮರುಳಸಿದ್ದಮ್ಮ. ಹಟ್ಟಿಯ ಅರ್ಧ ಜನಕ್ಕೆ ಹೊಕ್ಕಳಬಳ್ಳಿ ಕೊಯ್ದವಳು.

"ಹೂಂ ಅಜ್ಜಿ."

"ಇವತ್ತು ನೀನು ಹುಟ್ಟಿದ ದಿನ ಕಣಪ್ಪ. ಇದೇ ಹೊತ್ತು."

ತಿಪ್ಪೇಶನಿಗೆ ಎದೆ ತುಂಬಿ ಬಂತಂತೆ. ವಯಸ್ಸು ಮೂವತ್ತು ದಾಟಿದರೂ ತಾನು ಹುಟ್ಟಿದ ದಿನ ಯಾವುದು ಅಂತ ಅವನಿಗೆ ಗೊತ್ತಿರಲಿಲ್ಲ. ಸ್ಕೂಲಲ್ಲಿ ಮೇಷ್ಟ್ರು ಎಲ್ಲರಿಗೂ ಬರೆದ ಹಾಗೆ ಜೂನ್ ಒಂದು ಅಂತ ಬರೆದಿದ್ದರು. ಅವತ್ತು ಬ್ಯಾಂಕಿನಿಂದ ಒಂದು ಮೆಸೇಜ್ ಬರೋದು, ಅಷ್ಟೇ. ಅವ್ವ ಏಕಾಂತಮ್ಮನನ್ನು ಕೇಳಿದರೆ, "ಯಾರಿಗೆ ನೆನಪೈತೆ ಬಿಡು" ಅಂತ ಒಳಗೆ ಹೋಗಿಬಿಡೋಳು.

"ನಿನಗೆ ನೆನಪೈತಾ ಅಜ್ಜಿ?" ಅಂತ ಒಂದು ಹೆಜ್ಜೆ ಹತ್ರ ಹೋದ.

ಆಗ ಹೊಳೀತು... ನಾಲ್ಕು ವರ್ಷದ ಹಿಂದೆ ಈ ಅಜ್ಜಿಯ ಹೆಣಕ್ಕೆ ಅವನೇ ಹೆಗಲು ಕೊಟ್ಟಿದ್ದ.

ಇಟ್ಟ ಹೆಜ್ಜೆ ಹಿಂದಕ್ಕೆ ತಗೊಂಡ.

"ನೀನು ಎರಡನೆಯೋನು," ಅಂದಳು ಮುದುಕಿ. "ಮೊದಲು ಬಂದೋನು ಅಳಲಿಲ್ಲ. ಇಲ್ಲೇ ಬಾವಿ ಪಕ್ಕದಾಗೆ ಮಣ್ಣು ಮಾಡಿದೆ. ಅವನಿಗೂ ಇವತ್ತೇ ಅಲ್ಲೇನು? ಒಬ್ರೂ ನೆನೆಯಲ್ಲ... ಕಾಯ್ತಾ ಕುಂತವ್ನೆ. ಒಂದ್ಸಲ ಅವನ್ನ ಕರಿ ಕಣಪ್ಪ."

"ಕರೆದ್ರೆ?"

"ಬತ್ತಾನೆ."

ಅವನು ಕರೀಲಿಲ್ಲ. ಬಿದ್ದೆನೋ ಎದ್ದೆನೋ ಅಂತ ಓಡಿದ. ಹಿಂದೆ ಬರಿಗಾಲಿನ ಸದ್ದು... ತಪ್... ತಪ್... ತಪ್... ಮನೆಗೆ ಬಂದು ಬಾಗಿಲ ಅಗುಳಿ ಜಡಿದ.

"ಅವ್ವಾ... ನನಗಿಂತ ಮುಂಚೆ ಇನ್ನೊಬ್ಬ ಹುಟ್ಟಿದ್ನಾ?"

ಏಕಾಂತಮ್ಮನ ಕೈಲಿದ್ದ ಚೊಂಬು ಠಣ್ ಅಂತ ಬಿತ್ತು.

"ಯಾರು ಹೇಳಿದ್ರು? ನಿಮ್ಮಪ್ಪನಿಗೂ ಮರುಳಸಿದ್ದಮ್ಮನಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಇಬ್ರೂ ಹೋದ್ರಲ್ಲೋ!"

ಕುಸಿದು ಕುಂತಳು. ಆಮೇಲೆ ಪಿಸುದನೀಲಿ ಅಂದಳು, "ನಿನ್ನ ದಿನ ಅಂತ ಪಾಯಸಕ್ಕಿಟ್ರೆ ಅವನ ಮುಖ ಕಣ್ಣಿಗೆ ಕಟ್ಟೋದು ಕಣೋ. ಅದಕ್ಕೇ ಆ ದಿನಾನೇ ಮರೆತೆ. ಅವನ ಜೊತೆ ನಿನ್ನೂ ಮರೆತೆ. ನಿಮ್ಮ ತಾತನ ಹೆಸರಿಡಾಣ ಅಂತಿದ್ವಿ ಅವನಿಗೆ... ದೊಡ್ಡತಿಮ್ಮಾ..."

"ಓ..."

ಹೊರಗಿನಿಂದ. ಜಗಲಿ ಮೇಲಿಂದ. ತಿಪ್ಪೇಶನದೇ ದನಿ. ಆದರೆ ತಿಪ್ಪೇಶ ಬಾಯಿ ಬಿಟ್ಟಿರಲಿಲ್ಲ.

ಏಕಾಂತಮ್ಮ ಎದ್ದಳು. ಮಗ ಬಾಗಿಲಿಗೆ ಅಡ್ಡ ನಿಂತ.

"ಬ್ಯಾಡ ಕಣವ್ವ... ತೆಗೀಬ್ಯಾಡ."

"ಚಳಿ ಐತೆ ಕಣೋ," ಅಂದಳು. ಅಷ್ಟೇ. ಮೂಲೆಯಲ್ಲಿದ್ದ ಕಂಬಳಿ ತಗೊಂಡು ಕಿಟಕಿ ಸರಳಿನ ಸಂದಿಯಲ್ಲಿ ಹೊರಗೆ ತೂರಿಸಿದಳು. ಅರ್ಧ ಹೋಗಿರಬೇಕು... ಉಳಿದದ್ದನ್ನು ಆ ಕಡೆಯಿಂದ ಯಾರೋ ಮೆಲ್ಲಗೆ ಎಳಕೊಂಡರು.

ಬೆಳಗಾಗೋವರೆಗೂ ತಾಯಿ ಮಗ ಬಾಗಿಲಿಗೆ ಬೆನ್ನು ಕೊಟ್ಟು ಕುಂತಿದ್ದರು. ಕೋಳಿ ಕೂಗಿದ ಮೇಲೆ ಒಳಗಿನಿಂದಲೇ ನನ್ನನ್ನು ಕೂಗಿದರು. ಮೊದಲು ಹೋದೋನು ನಾನೇ. ನಂಬಿದ್ರೆ ನಂಬ್ರಿ, ಬಿಟ್ರೆ ಬಿಡ್ರಿ... ಜಗಲಿ ಮೇಲೆ ಕಂಬಳೀನ ನೀಟಾಗಿ ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು. ಮೇಲೆಲ್ಲ ಮಂಜು ಬಿದ್ದು ತೊಯ್ದು ತಣ್ಣಗಾಗಿತ್ತು. ಮಡಿಕೆ ಒಳಗೆ ಈ ಕೈಯಿಟ್ಟು ನೋಡಿದೀನಿ.

ಬೆಚ್ಚಗಿತ್ತು.