ಕೊನೆಗೆ ಮಾಡುವ ಅಡುಗೆಮನೆ

ಟೈಲ್ಸ್ ಅಂಗಡಿಯ ಬಿಲ್ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಭಾವ, ಒಬ್ಬ ಭಾವಮೈದುನ. ಹಳೆಮನೆ ಕೊಂಡು, ರಿಪೇರಿ ಮಾಡಿ ಮಾರುವುದು ಭಾವನ ಕಸುಬು. ಮೈದುನ ಆ ಕಸುಬಿಗೆ ಹೊಸಬ, ಈಗ ಕೊಂಡಿರುವುದು ಮೊದಲ ಮನೆ.

“ಮೊದಲು ಸೂರು ನೋಡು, ಆಮೇಲೆ ಪೈಪು. ಬಣ್ಣಕ್ಕೆ ಮರುಳಾಗ್ಬೇಡ. ಮೇಲೆ ಥಳಕು, ಒಳಗೆ ಹುಳುಕು ಇರುತ್ತೆ.”

“ಅಡುಗೆಮನೆ ಕೊನೆಗೆ ತಾನೇ ಭಾವ? ನೀವು ಹಾಗೇ ಮಾಡ್ತಿದ್ರಲ್ಲ.”

“ಹೂಂ. ಅದು ಹೊಸದಾಗಿ ಹೊಳೀತಿದ್ರೆ ಗಿರಾಕಿ ಅಲ್ಲೇ ಸೋತುಹೋಗ್ತಾನೆ. ಮುಗಿದ ವಾರಕ್ಕೇ ಮನೆ ಮಾರಿಹೋಗೋದು.”

“ಬಾಡಿಗೆ ಉಳಿಯುತ್ತೆ ಅಂತ ನಾನೂ ನನ್ನ ಹೆಂಡ್ತೀನೂ ಮಾರೋವರೆಗೂ ಅಲ್ಲೇ ಇರೋಣ ಅಂತಿದ್ದೀವಿ.”

“ನಾವೂ ಹಾಗೇ ಇದ್ದಿದ್ದು. ನಿನ್ನಕ್ಕ ಪ್ರತಿ ಮನೇಲೂ ಪಡಸಾಲೆ ಮೂಲೇಲಿ ಸ್ಟೌ ಇಟ್ಕೊಂಡು ಸಿಮೆಂಟು ಧೂಳಲ್ಲೇ ಬೇಯಿಸಿ ಹಾಕಿದ್ಲು. ಟೈಲ್ಸ್ ಮಾತ್ರ ಅವಳೇ ಆರಿಸೋಳು.”

“ಅಕ್ಕನ ಆಯ್ಕೆಗೆ ಗಿರಾಕಿಗಳು ಮುಗಿಬೀಳ್ತಿದ್ರು.”

“ಆ ಹೊಸ ಅಡುಗೆಮನೆ ಒಂದರಲ್ಲೂ ಅವಳು ಒಂದು ಲೋಟ ನೀರು ಕಾಯಿಸ್ಲಿಲ್ಲ ಕಣೋ. ‘ಮುಂದಿನ ಮನೇಲಿ’ ಅಂತಿದ್ದೆ. ಅಷ್ಟರಲ್ಲಿ ಅವಳೇ ಹೋಗ್ಬಿಟ್ಲು.”

ಸಾಲು ಸರಿಯಿತು.

“ನೀನು ಅಡುಗೆಮನೆ ಮೊದಲು ಮಾಡು.”

“ಮಾರೋ ಹೊತ್ತಿಗೆ ಹಳೇದಾಗಲ್ವಾ ಭಾವ?”

“ಆಗಲಿ ಬಿಡೋ. ನಿನ್ನ ಹೆಂಡ್ತಿ ಬಾಣಲೆ ಎಣ್ಣೆ ಆ ಹೊಸ ಗೋಡೆಗೆ ಒಂಚೂರಾದ್ರೂ ಸಿಡೀಲಿ.”

ಬಿಲ್ಲಾಯಿತು. ಟೈಲ್ಸ್ ಪೆಟ್ಟಿಗೆಯ ಎರಡು ತುದಿ ಹಿಡಿದು ಇಬ್ಬರೂ ಹೊರಟುಹೋದರು.