ಗಣಪಯ್ಯನವರ ಕಾರ್ ರೇಸ್ ಸಿ.ಡಿ.

೨೦೦೪ರ ಮಾತು. ಕುಂದಾಪುರದ ಕಂಪ್ಯೂಟರ್ ಅಂಗಡಿಯಲ್ಲಿ ನಾನು ಪ್ರಿಂಟಿಗೆ ಕಾಯುತ್ತಿದ್ದೆ. ಸಾಲಿಗ್ರಾಮದ ಕಡೆಯ ಅರ್ಚಕರಾದ ಗಣಪಯ್ಯನವರು ಅಂಗಡಿಯ ಅಕ್ಷಯನ ಮುಂದೆ ಕಾರ್ ರೇಸ್ ಆಟದ ಸಿ.ಡಿ. ಇಟ್ಟರು.

“ಸಿ.ಡಿ. ಮೇಲೆ ಗೀರ್ ಬಿದ್ದಿತ್ ಮಾರಾಯ. ಪೂರ್ತಿ ಹಾಳಾಪ್ಕ್ ಮುಂಚೆ ಒಂದ್ ನಕಲ್ ಮಾಡ್ಕೊಡ್.”

“ನಕಲ್ ಹಾಕಿರೆ ಆಟ ಶುರುವಾತಿಲ್ಲ ಭಟ್ರೇ. ಒರಿಜಿನಲ್ಲೇ ಬೇಕ್ ಅಂತ್.”

“ದುಡ್ಡ್ ಕೊಟ್ಟ್ ತಕಂಡವ ನಾನ್! ನಮ್ ದೇವ್ರೇ ಮೂಲ ವಿಗ್ರಹ ಗರ್ಭಗುಡಿಯಲ್ಲ್ ಬಿಟ್ಟ್, ಉತ್ಸವ ಮೂರ್ತಿಯಲ್ಲ್ ಹೊರಗ್ ತಿರ್ಗುದ್.”

“ಆ ಮೂರ್ತಿಗೆ ನೀವ್ ಆವಾಹನೆ ಮಾಡ್ತ್ರಿ, ಶಕ್ತಿ ಬತ್ತ್.”

“ಇದ್ಕೆ ನೀ ಮಾಡ್.”

ಅಕ್ಷಯ ದನಿ ತಗ್ಗಿಸಿದ. “ಮಂತ್ರ ಇತ್ತ್ ಭಟ್ರೇ. ಆರೆ ಕಂಪನಿಗೆ ಗೊತ್ತಾಪ್ಕಾಗ, ಜೋರ್ ಹೇಳುಕಾಗ.”

“ಉಪದೇಶ ಕಿವಿಯಲ್ಲೇ ಆಪ್ದ್,” ಎಂದ ಗಣಪಯ್ಯನವರು ಶಲ್ಯವನ್ನು ತಲೆಗೆಳೆದುಕೊಂಡು, ಅವನ ಹಿಂದೆಯೇ ಒಳಗಿನ ಪರದೆ ದಾಟಿದರು.